ಬಾರದವರ ಲೆಕ್ಕ ಯಾರ ಪುಸ್ತಕದಲ್ಲಿದೆ?

ಕಳೆದ ರಮಝಾನ್‌ಗೆ ಎರಡು ತಿಂಗಳು ಮುಂಚೆ ನಮ್ಮ ಕಡೆಯ ಒಂದು ವೈದ್ಯಕೀಯ ನೆರವು ಸಮಿತಿಯವರು ಇಶಾ ನಮಾಝಿನ ಬಳಿಕ ಸಣ್ಣ ಸಭೆ ಕರೆದಿದ್ದರು. ಊರವರ ಸದಖಾ ಮತ್ತು ಗಲ್ಫ್‌ನಲ್ಲಿರುವವರ ದೇಣಿಗೆಯಿಂದ ಅವರು ಕೆಲವು ಬಡ ಕುಟುಂಬಗಳಿಗೆ ಆರೋಗ್ಯ ಕಾರ್ಡ್ ಕೊಟ್ಟಿದ್ದಾರೆ. ಕಾರ್ಡ್ ತೋರಿಸಿದರೆ ಲ್ಯಾಬ್ ಮತ್ತು ಮೆಡಿಕಲ್ ಅಂಗಡಿಯಲ್ಲಿ ರಿಯಾಯಿತಿ ಸಿಗುತ್ತದೆ. ಆಸ್ಪತ್ರೆಗೆ ದಾಖಲಾದರೆ ಬಿಲ್ಲಿನ ಒಂದು ಪಾಲನ್ನು ಸಮಿತಿಯೇ ಕಟ್ಟುತ್ತದೆ. ಒಂದು ವರ್ಷದ ವರದಿಯನ್ನು ಆ ದಿನ ಓದಿದರು. ಕಾರ್ಡ್ ಪಡೆದವರನ್ನು ಕೇಳಿದೆವು, ಹೆಚ್ಚಿನವರು ಆರೋಗ್ಯ ಸುಧಾರಿಸಿದೆ ಎಂದರು, ಆದ್ದರಿಂದ ಯೋಜನೆ ಯಶಸ್ವಿ, ಇನ್ನು ಹೊನ್ನಾವರ, ಕುಮಟಾ ಕಡೆಗೂ ವಿಸ್ತರಿಸೋಣ. ಇಷ್ಟು ವರದಿಯ ಸಾರ.

ನನಗೂ ಎರಡು ಮಾತು ಆಡಲು ಹೇಳಿದರು. ನಾನು ಕೇಳಿದ್ದು ಒಂದೇ ಪ್ರಶ್ನೆ: “ಯಾರನ್ನು ಕೇಳಿದಿರಿ?” ಕಾರ್ಡ್ ನವೀಕರಿಸಲು ಕಚೇರಿಗೆ ಬಂದವರನ್ನು ಎಂದರು. “ಬಾರದವರು?” ಎಂದೆ. ಸಭೆ ಸ್ವಲ್ಪ ಹೊತ್ತು ಸುಮ್ಮನಾಯಿತು. ನನಗಿಂತ ಹಿರಿಯರೊಬ್ಬರು, “ಹಕೀಮ್ ಸಾಹೇಬರೇ, ಒಳ್ಳೆಯ ಕೆಲಸ ನಡೆಯುತ್ತಿರುವಾಗ ಅಡ್ಡಗಾಲು ಯಾಕೆ ಹಾಕುತ್ತೀರಿ?” ಎಂದು ಬೇಸರದಿಂದಲೇ ಕೇಳಿದರು. ಅವರ ಬೇಸರ ನನಗೆ ಅರ್ಥವಾಗುತ್ತದೆ. ಅವರಿಗೆ ಅಂದು ಸರಿಯಾಗಿ ಉತ್ತರ ಕೊಡಲು ನನ್ನಿಂದಾಗಲಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರ ಮೇಲೆ ತಪ್ಪು ಹೊರಿಸುವ ಮುಂಚೆ ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ನನ್ನ ದವಾಖಾನೆಗೆ ಬರುವವರಲ್ಲಿ ಮಂಡಿನೋವಿನವರೇ ಹೆಚ್ಚು. ನಮ್ಮ ಪದ್ಧತಿಯಲ್ಲಿ ಅದನ್ನು ವಜಉಲ್ ಮಫಾಸಿಲ್ ಎನ್ನುತ್ತೇವೆ. ಮಾಜೂನ್ ಸೂರಂಜಾನ್, ಮೇಲೆ ಹಚ್ಚಲು ಒಂದು ರೋಗನ್, ಬೇಕಾದವರಿಗೆ ಹಿಜಾಮಾ. ಹಲವು ವರ್ಷ ನಾನು ಯಾರು ಕೇಳಿದರೂ “ಹತ್ತರಲ್ಲಿ ಎಂಟು ಮಂದಿಗೆ ಗುಣವಾಗುತ್ತದೆ” ಎಂದು ಧೈರ್ಯವಾಗಿ ಹೇಳುತ್ತಿದ್ದೆ. ಸುಳ್ಳು ಹೇಳುತ್ತಿರಲಿಲ್ಲ. ಮೂರನೇ ಸಲ, ನಾಲ್ಕನೇ ಸಲ ಬಂದವರ ಮುಖ ನೋಡಿ ಹೇಳುತ್ತಿದ್ದೆ. ಒಂದು ಮಳೆಗಾಲದಲ್ಲಿ ಕೆಲಸ ಕಡಿಮೆ ಇದ್ದಾಗ ರಿಜಿಸ್ಟರ್ ತೆಗೆದು, ಒಂದೇ ಸಲ ಬಂದು ಮತ್ತೆ ಬಾರದವರ ಹೆಸರುಗಳಿಗೆ ಗುರುತು ಹಾಕಿದೆ. ಅವರು ಅರ್ಧಕ್ಕಿಂತ ಹೆಚ್ಚಿದ್ದರು. ಫೋನ್ ಇದ್ದವರಿಗೆಲ್ಲ ಫೋನ್ ಮಾಡಿದೆ.

ತೆಂಗಿನಗುಂಡಿ ಕಡೆಯ ಒಬ್ಬ ತಾಯಿಗೆ ಮದ್ದಿನಿಂದ ಹೊಟ್ಟೆ ಕೆಟ್ಟು ಎರಡೇ ದಿನಕ್ಕೆ ನಿಲ್ಲಿಸಿದ್ದರು. “ನಿಮಗೆ ಬೇಸರವಾದೀತು ಎಂದು ಹೇಳಲಿಲ್ಲ ಡಾಕ್ಟ್ರೇ” ಎಂದರು. ಒಬ್ಬರು ಮಂಗಳೂರಿಗೆ ಹೋಗಿ ಮಂಡಿಯ ಆಪರೇಷನ್ ಮಾಡಿಸಿಕೊಂಡಿದ್ದರು. ಇನ್ನೊಬ್ಬರು ಮಗನ ಜತೆ ದುಬೈಯಲ್ಲಿದ್ದರು. ಕೆಲವರಿಗೆ ನಿಜಕ್ಕೂ ಒಂದೇ ಸಲಕ್ಕೆ ಗುಣವಾಗಿತ್ತು, ಮತ್ತೆ ಬರುವ ಅಗತ್ಯವೇ ಬಿದ್ದಿರಲಿಲ್ಲ. ಇಬ್ಬರು ತೀರಿಕೊಂಡಿದ್ದರು, ಮಂಡಿನೋವಿನಿಂದಲ್ಲ. ಎಲ್ಲರನ್ನೂ ಸೇರಿಸಿ ಎಣಿಸಿದಾಗ ನನ್ನ ‘ಹತ್ತರಲ್ಲಿ ಎಂಟು’ ಉಳಿಯಲಿಲ್ಲ. ಆ ದಿನದಿಂದ ಆ ಮಾತನ್ನು ಬಿಟ್ಟಿದ್ದೇನೆ.

ಇದಕ್ಕೆ ಸಂಶೋಧಕರು ಬಯಾಸ್ ಎನ್ನುತ್ತಾರೆ. ಕನ್ನಡದಲ್ಲಿ ಪಕ್ಷಪಾತ ಎಂದು ಬರೆಯುವುದು ರೂಢಿ. ಆದರೆ ಪಕ್ಷಪಾತ ಎಂದರೆ ಯಾರೋ ಬೇಕೆಂದೇ ಮಾಡಿದ ಅನ್ಯಾಯದಂತೆ ಕೇಳಿಸುತ್ತದೆ, ಅದಕ್ಕೇ ಸಭೆಯಲ್ಲಿ ಹಿರಿಯರಿಗೆ ನೋವಾದದ್ದು. ನಾನು ಅದನ್ನು ಓರೆ ಎನ್ನುತ್ತೇನೆ. ಮೀನು ಮಾರುಕಟ್ಟೆಯಲ್ಲಿ ತಕ್ಕಡಿಯ ಒಂದು ತಟ್ಟೆ ಮೊದಲೇ ತುಸು ಕೆಳಗಿದ್ದರೆ, ಮಾರುವವಳು ಎಷ್ಟೇ ಪ್ರಾಮಾಣಿಕಳಾಗಿದ್ದರೂ ತೂಕ ತಪ್ಪುತ್ತದೆ. ಮತ್ತೆ ಮತ್ತೆ ತೂಗಿದರೂ ಅಷ್ಟೇ. ಎಷ್ಟು ಸಾವಿರ ಜನರನ್ನು ಕೇಳಿದಿರಿ ಎಂಬುದು ಆ ಓರೆಯನ್ನು ಸರಿಪಡಿಸುವುದಿಲ್ಲ.

ಹೊನ್ನಾವರದ ಕಾಡಂಚಿನ ಓದುಗರಿಗೆ ಮಂಗನ ಕಾಯಿಲೆ ಹೊಸದಲ್ಲ. 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ಜ್ವರಕ್ಕೆ ದಶಕಗಳ ಕಾಲ ಒಂದು ಲಸಿಕೆ ಕೊಡುತ್ತಿದ್ದರು. 1990ರಿಂದ 1992ರವರೆಗೆ ಕರ್ನಾಟಕದ ಮೂರು ಜಿಲ್ಲೆಗಳಲ್ಲಿ ನಡೆದ ಕ್ಷೇತ್ರ ಅಧ್ಯಯನದಲ್ಲಿ ಎರಡು ಡೋಸ್ ಪಡೆದವರಲ್ಲಿ ರಕ್ಷಣೆ ಶೇ. 93.5 ಎಂದು ಬಂತು. 2005ರಿಂದ 2010ರವರೆಗಿನ ಶಿವಮೊಗ್ಗದ ಮಾಹಿತಿಯನ್ನು ಬೇರೆಯವರು ಲೆಕ್ಕ ಹಾಕಿದಾಗ ಎರಡು ಡೋಸ್‌ನ ರಕ್ಷಣೆ ಶೇ. 62.4ಕ್ಕೆ ಇಳಿದಿತ್ತು. ಎರಡೂ ಕಡೆ ಹೋಲಿಸಿದ್ದು ಲಸಿಕೆ ಹಾಕಿಸಿಕೊಂಡವರನ್ನು ಮತ್ತು ಹಾಕಿಸಿಕೊಳ್ಳದವರನ್ನು. ಈಗ ಯೋಚಿಸಿ. ಎರಡನೇ ಡೋಸ್‌ಗೂ ನೆನಪಿಟ್ಟು ಬರುವವನು ಕಾಡಿಗೆ ಹೋಗುವಾಗ ಉಣ್ಣೆ ಕಡಿಯದಂತೆ ಎಣ್ಣೆಯನ್ನೂ ಹಚ್ಚಿಕೊಳ್ಳುವವನೇ ಇರಬಹುದು. ಅಥವಾ ತದ್ವಿರುದ್ಧವಾಗಿ, ದಿನಾ ಸೊಪ್ಪು ತರಲು ಹೋಗುವ, ಅಪಾಯ ಹೆಚ್ಚಿರುವವನೇ ಭಯದಿಂದ ಬಂದಿರಬಹುದು. ರಕ್ಷಿಸಿದ್ದು ಲಸಿಕೆಯೋ ಆ ಮನುಷ್ಯನ ಎಚ್ಚರವೋ ಎಂದು ಬಿಡಿಸಿ ಹೇಳುವುದು ಕಷ್ಟ. ಆ ಲಸಿಕೆ ಈಗ ಬಳಕೆಯಲ್ಲಿಲ್ಲ.

ಹೋಲಿಕೆಯ ಗುಂಪು ಬೇಕು ಎಂಬ ಅರಿವು ಪಶ್ಚಿಮದಿಂದ ಬಂದದ್ದು ಎಂದು ನಮ್ಮ ಯುನಾನಿ ವಿದ್ಯಾರ್ಥಿಗಳೂ ತಿಳಿದಿರುತ್ತಾರೆ. ಹತ್ತನೇ ಶತಮಾನದ ಆರಂಭದಲ್ಲಿ ತೀರಿಕೊಂಡ ಅಬೂಬಕ್ರ್ ಅರ್ರಾಝಿ ತಮ್ಮ ‘ಅಲ್‌ಹಾವಿ’ಯಲ್ಲಿ ಸರ್ಸಾಮ್, ಅಂದರೆ ಮಿದುಳಿನ ಪೊರೆಯ ಉರಿಯೂತದ ಬಗ್ಗೆ ಬರೆಯುವಾಗ, ಒಂದು ಗುಂಪಿನ ರೋಗಿಗಳಿಗೆ ರಕ್ತ ತೆಗೆಸಿ, ಇನ್ನೊಂದು ಗುಂಪನ್ನು ಬೇಕೆಂದೇ ಹಾಗೇ ಬಿಟ್ಟು ನೋಡಿದ್ದನ್ನು ದಾಖಲಿಸಿದ್ದಾರೆ. ಬಿಟ್ಟ ಗುಂಪಿನವರಿಗೆ ಕಾಯಿಲೆ ಬಂತು, ಹಾಗಾಗಿ ರಕ್ತ ತೆಗೆಯುವುದು ಒಳ್ಳೆಯದು ಎಂಬುದು ಅವರ ತೀರ್ಮಾನ. ಇಬ್ನ್ ಸೀನಾ ‘ಅಲ್‌ಖಾನೂನ್’ನ ಎರಡನೇ ಸಂಪುಟದಲ್ಲಿ ಮದ್ದನ್ನು ಪರೀಕ್ಷಿಸಲು ನಿಯಮಗಳನ್ನೇ ಕೊಟ್ಟಿದ್ದಾರೆ. ಪ್ರಾಣಿಯ ಮೇಲೆ ಮಾಡಿದ ಪರೀಕ್ಷೆ ಮನುಷ್ಯನಿಗೆ ಸಾಲದು ಎಂಬುದು ಅದರಲ್ಲೊಂದು. ಇದನ್ನೆಲ್ಲ ಹೇಳಿ ಎದೆ ಉಬ್ಬಿಸುವವರು ನಮ್ಮಲ್ಲಿ ಬಹಳ. ಆದರೆ ರಾಝಿಯವರ ತೀರ್ಮಾನವನ್ನು ಇವತ್ತು ಯಾರೂ ಒಪ್ಪುವುದಿಲ್ಲ. ಯಾಕೆ? ಗುಂಪು ಎರಡಿದ್ದವು, ಸರಿ. ಯಾರನ್ನು ಯಾವ ಗುಂಪಿಗೆ ಹಾಕುವುದೆಂಬುದು ಮಾತ್ರ ವೈದ್ಯರ ಕೈಯಲ್ಲೇ ಇತ್ತು. ಗಟ್ಟಿಮುಟ್ಟಾದವನ ರಕ್ತ ತೆಗೆಯಲು ಯಾವ ಹಕೀಮನೂ ಹೆದರುವುದಿಲ್ಲ, ಕಂಗಾಲಾದವನ ರಕ್ತ ತೆಗೆಯಲು ಕೈ ಹಿಂಜರಿಯುತ್ತದೆ. ನಾನೂ ಹಿಜಾಮಾಕ್ಕೆ ಯಾರನ್ನು ಆರಿಸುತ್ತೇನೆಂದು ನನಗೆ ಗೊತ್ತು.

ಇದಕ್ಕೆ ಮದ್ದು ನಮ್ಮ ಸಮುದಾಯಕ್ಕೆ ಚೆನ್ನಾಗಿ ಪರಿಚಯವಿರುವ ಒಂದು ಪದ್ಧತಿ: ಖುರ್ಆ, ಚೀಟಿ ಎತ್ತುವುದು. ಹಜ್‌ಗೆ ಅರ್ಜಿ ಹಾಕಿದವರು ಹೆಚ್ಚು, ಸೀಟು ಕಡಿಮೆ ಆದಾಗ ಹಜ್ ಸಮಿತಿ ಖುರ್ಆ ನಡೆಸುತ್ತದೆ. ಆಯ್ಕೆಯಾದವರಿಗೂ ಆಗದವರಿಗೂ ಇರುವ ವ್ಯತ್ಯಾಸ ಅದೃಷ್ಟ ಒಂದೇ. ಇಬ್ಬರಲ್ಲೂ ಶ್ರೀಮಂತರಿದ್ದಾರೆ, ಸಕ್ಕರೆ ಕಾಯಿಲೆಯವರಿದ್ದಾರೆ, ನಿಯತ್ತಿನವರಿದ್ದಾರೆ. ಪಾಕಿಸ್ತಾನದಲ್ಲಿ 2006ರ ಹಜ್ ಖುರ್ಆದಲ್ಲಿ ಹೆಸರು ಬಂದವರನ್ನೂ ಬಾರದವರನ್ನೂ, ಒಟ್ಟು 1,600ಕ್ಕೂ ಹೆಚ್ಚು ಮಂದಿಯನ್ನು, ಸಂಶೋಧಕರು ಆಮೇಲೆ ಭೇಟಿ ಮಾಡಿ ಹಜ್ ಮನುಷ್ಯನನ್ನು ಹೇಗೆ ಬದಲಿಸುತ್ತದೆಂದು ಅಧ್ಯಯನ ಮಾಡಿದ್ದಾರೆ. ಹಜ್‌ಗೆ ಹೋದವರನ್ನು ಹೋಗದವರ ಜತೆ ಸುಮ್ಮನೆ ಹೋಲಿಸಿದ್ದರೆ ಅವರಿಗೆ ಸಿಗುತ್ತಿದ್ದುದು ಹಣವಂತರಿಗೂ ಬಡವರಿಗೂ ಇರುವ ವ್ಯತ್ಯಾಸ ಮಾತ್ರ. ಮದ್ದಿನ ಪರೀಕ್ಷೆಯಲ್ಲಿ ಚೀಟಿ ಎತ್ತುವುದೂ ಇದೇ ಕೆಲಸಕ್ಕೆ.

ಮಾತ್ರೆಯ ಪರೀಕ್ಷೆಯಲ್ಲಿ ಚೀಟಿ ಎತ್ತುವುದು ಸುಲಭ. ಆಸ್ಪತ್ರೆ, ವಿಮೆ, ಕಾರ್ಡ್, ಆಂಬುಲೆನ್ಸ್ ಮುಂತಾದ ಸೇವೆಗಳನ್ನು ಪರೀಕ್ಷಿಸುವುದು ಕಷ್ಟ. ಸರಕಾರ ಚೀಟಿ ಎತ್ತಿ ಯೋಜನೆ ಕೊಡುವುದಿಲ್ಲ. ನಮ್ಮ ರಾಜ್ಯದಲ್ಲೇ ಇದಕ್ಕೆ ಎರಡು ದೊಡ್ಡ ಉದಾಹರಣೆಗಳಿವೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದವರು ಕಡಿಮೆ.

ಮೊದಲನೆಯದು ವಾಜಪೇಯಿ ಆರೋಗ್ಯಶ್ರೀ. ಹೃದಯ, ಕ್ಯಾನ್ಸರ್, ಕಿಡ್ನಿಯಂಥ ದೊಡ್ಡ ಕಾಯಿಲೆಗಳಿಗೆ ಬಿಪಿಎಲ್ ಕುಟುಂಬಗಳಿಗೆ ಉಚಿತ ಚಿಕಿತ್ಸೆ. ವರ್ಷಕ್ಕೆ ಒಂದೂವರೆ ಲಕ್ಷ ರೂಪಾಯಿ, ಅಗತ್ಯ ಬಿದ್ದರೆ ಇನ್ನೂ 50,000. ಕಂತು ಕಟ್ಟುವ ಗೊಡವೆ ಇಲ್ಲ. 2010ರ ಫೆಬ್ರವರಿಯಿಂದ 2012ರ ಆಗಸ್ಟ್‌ವರೆಗೆ ಈ ಯೋಜನೆ ರಾಜ್ಯದ ಉತ್ತರ ಭಾಗದಲ್ಲಿ ಮಾತ್ರ ಇತ್ತು, ದಕ್ಷಿಣಕ್ಕೆ ಆಮೇಲೆ ಬಂತು. ನೀರಜ್ ಸೂದ್, ಬೆಂಗಳೂರಿನ ಐಐಎಂನ ಅರ್ನಬ್ ಮುಖರ್ಜಿ ಮತ್ತು ಸಂಗಡಿಗರು ಈ ಗಡಿಯನ್ನೇ ಉಪಯೋಗಿಸಿಕೊಂಡರು. ಗಡಿಯ ಈಚೆ 300 ಹಳ್ಳಿ, ಆಚೆ ಅವನ್ನೇ ಹೋಲುವ 272 ಹಳ್ಳಿ, ಒಟ್ಟು ಸುಮಾರು 60,000 ಮನೆ. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಫಲಿತಾಂಶ ಬಂತು.

ಗಡಿಯ ತರ್ಕ ಭಟ್ಕಳದವರಿಗೆ ಬೇಗ ಹೊಳೆಯುತ್ತದೆ. ಭಟ್ಕಳ ದಾಟಿದರೆ ಶಿರೂರು. ಮೀನು ಅದೇ, ಮಳೆ ಅದೇ, ಸಂಬಂಧಿಕರೂ ಅವರೇ. ಬದಲಾಗುವುದು ಜಿಲ್ಲೆಯ ಹೆಸರು ಮತ್ತು ಕಚೇರಿ. ಉತ್ತರ ಕನ್ನಡ ಬೆಳಗಾವಿ ವಿಭಾಗ, ಉಡುಪಿ ಮೈಸೂರು ವಿಭಾಗ. ಇಂಥ ಗಡಿಯ ಎರಡು ಬದಿಯ ಜನರು ಚೀಟಿ ಎತ್ತಿ ಹಂಚಿದಷ್ಟೇ ಸಮಾನರು ಎಂದು ಒಪ್ಪಿದರೆ, ಸಾವಿನಲ್ಲಿ ಕಾಣುವ ವ್ಯತ್ಯಾಸ ಯೋಜನೆಯದ್ದೇ ಆಗುತ್ತದೆ.

ವ್ಯತ್ಯಾಸ ದೊಡ್ಡದಿತ್ತು. ಯೋಜನೆ ಇದ್ದ ಕಡೆಯ ಬಡವರಲ್ಲಿ ಅಂಥ ಕಾಯಿಲೆಗಳಿಂದ ಸತ್ತವರು ಶೇ. 0.32, ಇಲ್ಲದ ಕಡೆ ಶೇ. 0.90. ದೊಡ್ಡ ಆಸ್ಪತ್ರೆಗೆ ಸೇರಿದಾಗ ಕೈಯಿಂದ ಕೊಡುವ ಹಣ ಶೇ. 64ರಷ್ಟು ಕಡಿಮೆ. ಅದಕ್ಕಿಂತ ನನಗೆ ಮೆಚ್ಚುಗೆಯಾದದ್ದು ಅವರು ಮಾಡಿದ ಇನ್ನೊಂದು ಪರೀಕ್ಷೆ. ಅದೇ ಹಳ್ಳಿಗಳ ಎಪಿಎಲ್ ಮನೆಗಳನ್ನೂ ಎಣಿಸಿದರು. ಅವರಿಗೆ ಯೋಜನೆ ಎರಡೂ ಕಡೆ ಇರಲಿಲ್ಲ. ಅವರಲ್ಲಿ ಸಾವು ಈಚೆ ಶೇ. 0.56, ಆಚೆ ಶೇ. 0.55. ಅಂದರೆ ಗಾಳಿ, ನೀರು, ರಸ್ತೆ, ಹತ್ತಿರದ ಆಸ್ಪತ್ರೆಗಳಲ್ಲಿ ವ್ಯತ್ಯಾಸವಿದ್ದಿದ್ದರೆ ಅದು ಇವರಲ್ಲೂ ಕಾಣಬೇಕಿತ್ತು. ಕಾಣಲಿಲ್ಲ. ಓರೆ ಇದೆಯೇ ಎಂದು ನೋಡಲು ಖಾಲಿ ತಕ್ಕಡಿಯನ್ನು ಎತ್ತಿ ತೋರಿಸಿದಂತೆ ಇದು.

ಆದರೂ ನನಗೆ ಎರಡು ಅನುಮಾನಗಳಿವೆ. ಯೋಜನೆ ಇದ್ದ ಕಡೆ ಜನರು ಆಸ್ಪತ್ರೆಗೆ ಹೋಗುವುದು ಶೇ. 44ರಷ್ಟು ಹೆಚ್ಚಿದಂತೆ ಕಂಡಿತು, ಆದರೆ ಆ ಅಂಕಿ ಗಟ್ಟಿಯಾಗಿರಲಿಲ್ಲ, ಹೆಚ್ಚಳ ಇಲ್ಲದೆಯೂ ಇರಬಹುದಿತ್ತು ಎಂದು ಅವರದೇ ಲೆಕ್ಕ ಹೇಳುತ್ತದೆ. ಆಸ್ಪತ್ರೆಗೆ ಹೋದವರು ಅಷ್ಟೇನೂ ಹೆಚ್ಚದೆ ಸಾವು ಮೂರರಲ್ಲಿ ಒಂದಕ್ಕೆ ಇಳಿಯುವುದು ಹೇಗೆ? ಎರಡನೆಯದು, ಸಾವನ್ನು ಎಣಿಸಿದ್ದು ಮನೆಮನೆಗೆ ಹೋಗಿ ಕೇಳಿ. ಒಂಟಿ ಮುದುಕಿ ತೀರಿಕೊಂಡರೆ ಆ ಮನೆಗೆ ಬೀಗ ಬೀಳುತ್ತದೆ, ಉತ್ತರ ಕೊಡಲು ಯಾರೂ ಇರುವುದಿಲ್ಲ. ಕೇಳಿದವರಿಗೂ ಉತ್ತರಿಸಿದವರಿಗೂ ತಾವು ಗಡಿಯ ಯಾವ ಬದಿಯವರೆಂದು ಗೊತ್ತಿತ್ತು. ಯೋಜನೆ ಜೀವ ಉಳಿಸಿತೆಂದು ನಾನು ನಂಬುತ್ತೇನೆ. ಅಷ್ಟೊಂದು ಉಳಿಸಿತೆಂದು ಭಾಷಣದಲ್ಲಿ ಹೇಳಲು ಒಪ್ಪುವುದಿಲ್ಲ.

ಎರಡನೆಯ ಅಧ್ಯಯನದಲ್ಲಿ ನಿಜವಾಗಿಯೂ ಚೀಟಿ ಎತ್ತಿದರು. ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ ನೆನಪಿರಬಹುದು, ವರ್ಷಕ್ಕೆ 30,000 ರೂಪಾಯಿಯ ಸ್ಮಾರ್ಟ್ ಕಾರ್ಡ್. ಅನೂಪ್ ಮಲಾನಿ ಮತ್ತು ಸಂಗಡಿಗರು ಕಲಬುರಗಿ ಮತ್ತು ಮೈಸೂರು ಜಿಲ್ಲೆಗಳ 435 ಹಳ್ಳಿಗಳಲ್ಲಿ ಬಡತನದ ರೇಖೆಗಿಂತ ತುಸು ಮೇಲಿರುವ 10,879 ಮನೆಗಳನ್ನು ಚೀಟಿಯಿಂದ ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ಕಾರ್ಡ್ ಉಚಿತ, ಒಂದಕ್ಕೆ ಹಣ ಕೊಟ್ಟು ಕೊಳ್ಳುವ ಅವಕಾಶ, ಒಂದಕ್ಕೆ ಕೊಳ್ಳುವ ಅವಕಾಶದ ಜತೆ ಸ್ವಲ್ಪ ನಗದು, ನಾಲ್ಕನೆಯದಕ್ಕೆ ಏನೂ ಇಲ್ಲ. ಇನ್ನೂ ಒಂದು ಜಾಣತನ ಮಾಡಿದ್ದರು: ಕೆಲವು ಹಳ್ಳಿಗಳಲ್ಲಿ ಹೆಚ್ಚು ಮನೆಗಳಿಗೆ, ಕೆಲವು ಹಳ್ಳಿಗಳಲ್ಲಿ ಕಡಿಮೆ ಮನೆಗಳಿಗೆ ಅವಕಾಶ ಕೊಟ್ಟಿದ್ದರು. ಪಕ್ಕದ ಮನೆಯವರು ಕಾರ್ಡ್ ಬಳಸುವುದನ್ನು ನೋಡಿ ಇವರೂ ಕಲಿಯುತ್ತಾರೆಯೇ ಎಂದು ತಿಳಿಯಲು. ಕಲಿಯುತ್ತಾರೆ ಎಂದು ಬಂತು.

ಉಚಿತವಾಗಿ ಸಿಕ್ಕವರಲ್ಲಿ ಸುಮಾರು ಶೇ. 79 ಮಂದಿ ಕಾರ್ಡ್ ಪಡೆದರು. ಕೊಳ್ಳಬೇಕಾದವರಲ್ಲೂ ಶೇ. 60ರಷ್ಟು ಕೊಂಡರು. ಇಲ್ಲಿ ಒಂದು ನಿಯಮವನ್ನು ಗಮನಿಸಿ. ಚೀಟಿಯಲ್ಲಿ ‘ಉಚಿತ’ ಗುಂಪಿಗೆ ಬಂದು ಕಾರ್ಡ್ ತೆಗೆದುಕೊಳ್ಳದೆ ಹೋದವನನ್ನೂ ಆ ಗುಂಪಿನಲ್ಲೇ ಎಣಿಸಬೇಕು. ಬಾರದವನನ್ನು ಬಿಟ್ಟುಬಿಟ್ಟರೆ ಚೀಟಿ ಎತ್ತಿದ್ದೇ ವ್ಯರ್ಥ. ನನ್ನ ರಿಜಿಸ್ಟರ್‌ನಲ್ಲಿ ನಾನು ಮಾಡಿದ್ದು ಅದೇ ತಪ್ಪು, ಸಮಿತಿಯ ವರದಿಯಲ್ಲಿರುವುದೂ ಅದೇ. ಮೂರೂವರೆ ವರ್ಷದವರೆಗೆ ಹತ್ತಾರು ಬಗೆಯಲ್ಲಿ ಅಳೆದರೂ ಆರೋಗ್ಯದಲ್ಲಿ ಗುಂಪುಗಳ ನಡುವೆ ಗಟ್ಟಿಯಾದ ವ್ಯತ್ಯಾಸ ಕಾಣಲಿಲ್ಲ. ಅನೇಕರು ಕಾರ್ಡ್ ಹಿಡಿದು ಹೋದರೂ ಅದನ್ನು ಬಳಸಲಾಗಲಿಲ್ಲ ಎಂಬುದೂ ಹೊರಬಂತು.

ಹಾಗಾದರೆ ಯಾರನ್ನು ನಂಬುವುದು? ಚೀಟಿ ಎತ್ತಿದ ಅಧ್ಯಯನವೇ ಶ್ರೇಷ್ಠ, ಆದ್ದರಿಂದ ವಿಮೆ ನಿಷ್ಪ್ರಯೋಜಕ ಎಂದು ಹೇಳುವವರನ್ನು ನೋಡಿದ್ದೇನೆ. ಅದು ಅವಸರದ ಮಾತು. ಚೀಟಿ ಎತ್ತಿದರೆ ಗುಂಪು ಮಾಡುವಾಗಿನ ಓರೆ ಹೋಗುತ್ತದೆ, ಎಲ್ಲ ಓರೆಯೂ ಹೋಗುವುದಿಲ್ಲ. ಪ್ರಶ್ನೆಗಳೂ ಒಂದೇ ಅಲ್ಲ. ಒಂದರಲ್ಲಿ ಒಂದೂವರೆ ಲಕ್ಷ, ಇನ್ನೊಂದರಲ್ಲಿ 30,000. ಒಂದರಲ್ಲಿ ಕಡುಬಡವರು, ಇನ್ನೊಂದರಲ್ಲಿ ತುಸು ಮೇಲಿನವರು. ಒಂದು ಎಣಿಸಿದ್ದು ಹೃದಯಾಘಾತ, ಕ್ಯಾನ್ಸರ್‌ಗಳ ಸಾವು. ಇನ್ನೊಂದರಲ್ಲಿ ಅಳೆದವರ ಪೈಕಿ ಬಹುಪಾಲು ಮಂದಿಗೆ ಆ ವರ್ಷಗಳಲ್ಲಿ ಆಸ್ಪತ್ರೆಯ ಅಗತ್ಯವೇ ಬಿದ್ದಿರಲಾರದು. ‘ವ್ಯತ್ಯಾಸ ಕಾಣಲಿಲ್ಲ’ ಎಂಬುದೂ ‘ವ್ಯತ್ಯಾಸ ಇಲ್ಲ’ ಎಂಬುದೂ ಬೇರೆ ಬೇರೆ. ನನಗೆ ಆ ಅಧ್ಯಯನದಲ್ಲಿ ಅತ್ಯಂತ ಮುಖ್ಯವೆನಿಸಿದ್ದು ಆರೋಗ್ಯದ ಅಂಕಿಗಿಂತ, ಕಾರ್ಡ್ ಹಿಡಿದು ಹೋಗಿ ಬರಿಗೈಯಲ್ಲಿ ಬಂದವರ ಸಂಗತಿ. ನಮ್ಮ ಸಮಿತಿ ಕೇಳಬೇಕಾದವರು ಅವರೇ.

ಈಗ ನಮ್ಮ ಮೂರು ತಾಲೂಕುಗಳಿಗೆ ಬರೋಣ. ಇಲ್ಲಿ ಈ ವಿಷಯ ಬರಿಯ ಪುಸ್ತಕದ್ದಲ್ಲ. ಭಟ್ಕಳ, ಹೊನ್ನಾವರ, ಕುಮಟಾದಲ್ಲಿ ತಾಲೂಕು ಆಸ್ಪತ್ರೆಗಳಿವೆ, ಖಾಸಗಿ ಆಸ್ಪತ್ರೆಗಳಿವೆ, ಕಾರವಾರದಲ್ಲಿ ವೈದ್ಯಕೀಯ ಕಾಲೇಜಿದೆ. ಆದರೂ ಎದೆನೋವು, ತಲೆಗೆ ಪೆಟ್ಟು, ಕಷ್ಟದ ಹೆರಿಗೆ ಎಂದಾದರೆ ಆಂಬುಲೆನ್ಸ್ ತಿರುಗುವುದು ದಕ್ಷಿಣಕ್ಕೆ: ಕುಂದಾಪುರ, ಉಡುಪಿ, ಮಣಿಪಾಲ, ಮಂಗಳೂರು. ಭಟ್ಕಳದಿಂದ ಮಣಿಪಾಲಕ್ಕೆ ಸುಮಾರು 90 ಕಿಲೋಮೀಟರ್. ಕುಮಟಾದವರಿಗೆ ಇದರ ಮೇಲೆ ಇನ್ನೂ 60ರ ಹತ್ತಿರ. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಕೊಡಿ ಎಂದು ಜನರು ವರ್ಷಗಳಿಂದ ಕೇಳುತ್ತಿರುವುದು ಇದಕ್ಕೇ.

ಈ ಬೇಡಿಕೆಗೆ ಉತ್ತರವಾಗಿ ಯಾರಾದರೂ, “ನಿಮ್ಮ ತಾಲೂಕು ಆಸ್ಪತ್ರೆಗಳಲ್ಲಿ ಸಾವು ಕಡಿಮೆ ಇದೆಯಲ್ಲ, ಇದ್ದದ್ದರಲ್ಲೇ ಚೆನ್ನಾಗಿ ನಡೆಯುತ್ತಿದೆ” ಎಂದರೆ ಏನು ಹೇಳುತ್ತೀರಿ? ಸಾಯುವ ಸ್ಥಿತಿಯಲ್ಲಿರುವವರನ್ನು ಮುಂದಕ್ಕೆ ಕಳಿಸುವ ಆಸ್ಪತ್ರೆಯಲ್ಲಿ ಸಾವು ಕಡಿಮೆಯೇ ಇರುತ್ತದೆ. ಅದು ಅಲ್ಲಿನ ವೈದ್ಯರ ತಪ್ಪೂ ಅಲ್ಲ, ಹೆಗ್ಗಳಿಕೆಯೂ ಅಲ್ಲ. ಅತ್ತ, ಅವರನ್ನು ಬರಮಾಡಿಕೊಳ್ಳುವ ದೊಡ್ಡ ಆಸ್ಪತ್ರೆಯಲ್ಲಿ ಸಾವು ಹೆಚ್ಚು ಕಂಡರೆ ಅಲ್ಲಿನ ಚಿಕಿತ್ಸೆ ಕೆಟ್ಟದ್ದು ಎಂದಲ್ಲ, ಬಂದವರೇ ತಡವಾಗಿ, ಕೆಟ್ಟ ಸ್ಥಿತಿಯಲ್ಲಿ ಬಂದವರು. ಎರಡು ಆಸ್ಪತ್ರೆಗಳ ಅಂಕಿಯನ್ನು ಪಕ್ಕಪಕ್ಕ ಇಟ್ಟು ತೀರ್ಪು ಕೊಡುವ ವರದಿ ಎಷ್ಟೇ ಹೊಳೆಯುವ ಕಾಗದದಲ್ಲಿ ಅಚ್ಚಾಗಿ ಬಂದರೂ ಅದನ್ನು ಬದಿಗಿಡಬೇಕು.

ದಾರಿಯಲ್ಲೇ ಹೋದವರು? 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ನಲ್ಲಿ ಮಳೆಗೆ ಜಾರಿ ಉರುಳಿ ನಾಲ್ವರು ತೀರಿಕೊಂಡರು. ಆ ವಿಡಿಯೊವನ್ನು ದೇಶವೇ ನೋಡಿತು. ಆ ರೋಗಿಯ ಸಾವು ಹೊರಟ ಆಸ್ಪತ್ರೆಯ ಪುಸ್ತಕದಲ್ಲಿಲ್ಲ, ತಲುಪಬೇಕಿದ್ದ ಆಸ್ಪತ್ರೆಯ ಪುಸ್ತಕದಲ್ಲೂ ಇಲ್ಲ. ಅದು ಬೇರೆ ಜಿಲ್ಲೆಯ ಪೊಲೀಸ್ ಠಾಣೆಯಲ್ಲಿ ರಸ್ತೆ ಅಪಘಾತ. ನಮ್ಮಲ್ಲಿ ಆಸ್ಪತ್ರೆ ಇಲ್ಲದ್ದರಿಂದ ಎಷ್ಟು ಜೀವ ಹೋಗುತ್ತಿದೆ ಎಂದು ಯಾರಾದರೂ ಪ್ರಾಮಾಣಿಕವಾಗಿ ಎಣಿಸಬೇಕೆಂದರೆ ಆಸ್ಪತ್ರೆಯ ರಿಜಿಸ್ಟರ್‌ನಿಂದ ಶುರುಮಾಡಿದರೆ ಆಗುವುದಿಲ್ಲ. ಮನೆಯಿಂದ ಶುರುಮಾಡಬೇಕು. ಶರಾವತಿ ದಡದ ವಲ್ಕಿ, ಉಪ್ಪೋಣಿಯಂಥ ಊರುಗಳ ಮನೆಗಳಿಂದ, ಮಿರ್ಜಾನಿನ ಮನೆಗಳಿಂದ.

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದ ವಿಷಯವೂ ಇಷ್ಟೇ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ, ಒಳ್ಳೆಯ ಯೋಜನೆ, ಕಾರ್ಡ್ ಇಲ್ಲದವರು ಖಂಡಿತ ಮಾಡಿಸಿಕೊಳ್ಳಿ. ಆದರೆ ‘ಇಷ್ಟು ಲಕ್ಷ ಮಂದಿಗೆ ಪ್ರಯೋಜನ’ ಎಂಬ ಜಾಹೀರಾತಿನಲ್ಲಿ ಸರಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಸಿಗದೆ ವಾಪಸಾದವರ, ಚಿನ್ನ ಅಡವಿಟ್ಟು ಬೇರೆಡೆ ಹೋದವರ ಎಣಿಕೆ ಇರುವುದಿಲ್ಲ.

ಕೊನೆಗೆ ನಮ್ಮವರಿಗೆ, ಯುನಾನಿ ವೃತ್ತಿಯವರಿಗೆ ಒಂದು ಮಾತು. ನಮ್ಮ ಮದ್ದಿನ ಬಗ್ಗೆ ಅಧ್ಯಯನಗಳೇ ಇಲ್ಲ ಎಂದು ಕೆಲವರು ಹೀಗಳೆದಾಗ ನಾವು ಸಿಟ್ಟಾಗಿ ಪ್ರಬಂಧಗಳ ಪಟ್ಟಿ ತೋರಿಸುತ್ತೇವೆ. ಬೆಂಗಳೂರಿನ ರಾಷ್ಟ್ರೀಯ ಯುನಾನಿ ಸಂಸ್ಥೆಯಲ್ಲಿ ಪ್ರತಿವರ್ಷ ವಿದ್ಯಾರ್ಥಿಗಳು ಅಧ್ಯಯನ ಮಾಡುತ್ತಾರೆ, ಸಂತೋಷ. ಆದರೆ ನಮ್ಮ ವೃತ್ತಿಯಲ್ಲಿ ಕಣ್ಣಿಗೆ ಬೀಳುವ ಬಹಳಷ್ಟು ಬರಹಗಳು ಮದ್ದಿಗೆ ಮುಂಚೆ ಹೀಗಿತ್ತು, ಆಮೇಲೆ ಹೀಗಾಯಿತು ಎಂಬಲ್ಲಿಗೆ ನಿಲ್ಲುತ್ತವೆ. ಮಂಡಿನೋವು ಹೆಚ್ಚಾದಾಗಲೇ ಮನುಷ್ಯ ಹಕೀಮನ ಬಳಿ ಬರುವುದು. ಹೆಚ್ಚಾದ ನೋವು ಏನೂ ಮಾಡದಿದ್ದರೂ ಕೆಲವು ವಾರಗಳಲ್ಲಿ ತುಸು ಇಳಿಯುತ್ತದೆ. ಹೋಲಿಕೆಯ ಗುಂಪಿಲ್ಲದೆ ಅದರ ಶ್ರೇಯಸ್ಸನ್ನು ಮಾಜೂನಿಗೆ ಕೊಡುವುದು ಸುಲಭ. 2007ರಿಂದ ದೇಶದಲ್ಲಿ ವೈದ್ಯಕೀಯ ಪರೀಕ್ಷೆಗಳ ನೋಂದಣಿ ವ್ಯವಸ್ಥೆ ಇದೆ. ಏನನ್ನು ಅಳೆಯುತ್ತೇವೆ ಎಂದು ಮೊದಲೇ ಅಲ್ಲಿ ಬರೆದಿಡಬೇಕು, ಫಲಿತಾಂಶ ನೋಡಿ ಅಳತೆಗೋಲು ಬದಲಿಸಿದರೆ ಯಾರು ಬೇಕಾದರೂ ಹಿಡಿಯಬಹುದು. ಇದು ನಮ್ಮನ್ನು ಸಿಕ್ಕಿಸಲು ಮಾಡಿದ ಬಲೆ ಎಂದು ಮುನಿಸಿಕೊಳ್ಳುವ ಗೆಳೆಯರು ನನಗಿದ್ದಾರೆ. ರಾಝಿಯವರ ಹೆಸರು ಹೇಳಿಕೊಳ್ಳುವವರು ಇದಕ್ಕೆ ಹೆದರಬಾರದು.

ಸಮಿತಿಯ ಕಥೆ ಮುಗಿಸುತ್ತೇನೆ. ಆ ರಾತ್ರಿ ಬೇಸರ ಮಾಡಿಕೊಂಡ ಹಿರಿಯರೇ ವಾರದ ಬಳಿಕ ನನ್ನ ದವಾಖಾನೆಗೆ ಬಂದು, “ಹಾಗಾದರೆ ಏನು ಮಾಡಬೇಕೆಂದು ಹೇಳಿ” ಎಂದರು. ಹೊನ್ನಾವರ ಕಡೆಯಿಂದ ಬಂದ ಅರ್ಜಿಗಳು ಇದ್ದ ಹಣಕ್ಕಿಂತ ಹೆಚ್ಚಿದ್ದವು. ಪರಿಚಯದವರಿಗೆ ಮೊದಲು ಎಂಬ ದೂರು ಹೇಗೂ ಇತ್ತು. ಖುರ್ಆ ಹಾಕಿ ಎಂದೆ. ಹೆಸರು ಬಂದವರಿಗೆ ಈ ವರ್ಷ ಕಾರ್ಡ್, ಬಾರದವರಿಗೆ ಮುಂದಿನ ವರ್ಷ. ತುರ್ತು ಸಂದರ್ಭದಲ್ಲಿ ಇಬ್ಬರಿಗೂ ಮೊದಲಿನಂತೆಯೇ ನೆರವು, ಅದರಲ್ಲಿ ಚೀಟಿ ಇಲ್ಲ. ಎರಡೂ ಪಟ್ಟಿಯವರನ್ನು ಮೂರು ತಿಂಗಳಿಗೊಮ್ಮೆ ಮನೆಗೇ ಹೋಗಿ ಕೇಳುವುದು. ಕೇಳುವವರಿಗೆ ಯಾವ ಮನೆ ಯಾವ ಪಟ್ಟಿಯದೆಂದು ಹೇಳದಿರುವುದು. ಇದನ್ನು ಒಪ್ಪಿಸಲು ಎರಡು ಸಭೆ ಬೇಕಾಯಿತು. ಮಕ್ಕಳ ಕಾಯಿಲೆಯ ಮನೆಗಳನ್ನು ಚೀಟಿಗೆ ಹಾಕಬೇಡಿ, ನೇರವಾಗಿ ಕೊಟ್ಟುಬಿಡಿ ಎಂದು ಮಹಿಳಾ ವಿಭಾಗದವರು ಹಟ ಹಿಡಿದರು, ಅವರು ಹೇಳಿದ್ದು ಸರಿ, ಹಾಗೆಯೇ ಮಾಡಿದೆವು.

ಮೊದಲ ಸುತ್ತಿಗೆ ಇಬ್ಬರು ಕಾಲೇಜು ಹುಡುಗಿಯರು ಹೋಗಿದ್ದರು. ಒಂದು ಮನೆಗೆ ಬೀಗ ಇತ್ತಂತೆ. ತಾಯಿಗೆ ರಾತ್ರಿ ಉಸಿರು ಕಟ್ಟಿತೆಂದು ಮಣಿಪಾಲಕ್ಕೆ ಕರೆದುಕೊಂಡು ಹೋಗಿದ್ದಾರೆ ಎಂದು ಪಕ್ಕದ ಮನೆಯವರು ಹೇಳಿದರಂತೆ. ಹುಡುಗಿಯರು ಆ ಸಾಲನ್ನು ಖಾಲಿ ಬಿಡದೆ ಮಗನ ಫೋನ್ ನಂಬರ್ ಬರೆದುಕೊಂಡು ಬಂದಿದ್ದಾರೆ. ಶುಕ್ರವಾರ ಜುಮಾದ ನಂತರ ನಾನೇ ಫೋನ್ ಮಾಡುತ್ತೇನೆ ಎಂದಿದ್ದೇನೆ.